ಅರ್ಧ ಬಕೆಟ್

ಬುರೈಮಿಯಲ್ಲಿ, ಜುಲೈ ಮಧ್ಯಾಹ್ನ ಎರಡಕ್ಕೆ,
ಹಿತ್ತಲ ಗೋಡೆಗೆ ಕೂರಿಸಿದ ಏಸಿಯ ಪೆಟ್ಟಿಗೆ
ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.
ದಿನವೂ ಅದೇ ಹೊತ್ತು. ಅದೇ ಕೆಮ್ಮು.

ಒಳಗೆ ಸಿದ್ದೀಕ ಇಕ್ಕೇರಿ ಮಗ್ಗುಲು ಬದಲಿಸುತ್ತಾನೆ.
ಇರುಳಿಡೀ ಬೇಕರಿ ಒಲೆಯ ಬಾಯಲ್ಲಿ ನಿಂತು ಬಂದವನಿಗೆ
ಹಗಲೇ ರಾತ್ರಿ.
ಅಂಗಡಿಗೆ ಒಂದರಿಂದ ನಾಲ್ಕು ಬೀಗ, ನಾನೂ ಕೋಣೆಯಲ್ಲೇ.
ಕಿಟಕಿಗೆ ನಾನೇ ಹೊಲಿದ ಎರಡು ಪದರದ ಕರಿ ಪರದೆ.
ದಿಶ್ದಾಶದ ಕೊರಳಿಗೆ ಕುಚ್ಚು ಕಟ್ಟುವ ಕೈ ಇದು,
ಕತ್ತಲೆಯನ್ನು ಹೊಲಿದುಕೊಟ್ಟಿತು.
ತಂಪಿಗೆ ಅಳತೆ ಸಿಗಲಿಲ್ಲ.

ಲಿಯಾಕತ್ ಚಾಚಾ ಬಂದರು, ಮುಲ್ತಾನಿನವರು,
ಗಡಿಯಾರಕ್ಕಿಂತ ಆಂಪ್ ಮೀಟರನ್ನು ಹೆಚ್ಚು ನಂಬುವವರು.
"ಒಳಗಿನ ಬಿಸಿ ಹೊತ್ತು ಹೊರಗೆ ಬರುತ್ತದೆ ಬಡಪಾಯಿ.
ಇಳಿಸೋಣವೆಂದರೆ ಇಲ್ಲಿ ನಲವತ್ತೊಂಬತ್ತು ಡಿಗ್ರಿ.
ಇಂಥ ಊರಲ್ಲಿ ಬಿಸಿ ಇಳಿಸಿಕೊಳ್ಳುವವರು ಯಾರು, ಹೇಳು?"

ನಾಲ್ಕೂವರೆ ರಿಯಾಲಿಗೆ ಕಪ್ಪು ನಳಿಗೆ,
ಆರು ಹಿತ್ತಾಳೆ ಮೂತಿ. ಒಂದೊಂದರ ತೂತೂ
ನನ್ನ ಹದಿನಾಲ್ಕು ನಂಬರಿನ ಸೂಜಿಯ ಕಣ್ಣಿಗಿಂತ ಸಣ್ಣದು.
ಕುಂಞಿರಾಮ ಸ್ಟೂಲು ಹಿಡಿದ, ನಾನು ತಂತಿ ಬಿಗಿದೆ.
ನಲ್ಲಿ ತಿರುಗಿಸಿದರೆ
ಬಂದದ್ದು ಹೊಗೆಯಂಥ ನೀರು;
ಜಾಲರಿ ಮುಟ್ಟುವ ಮೊದಲೇ ಅರ್ಧ, ಗಾಳಿಯ ಪಾಲು.

ಹನ್ನೊಂದಿದ್ದ ಆಂಪು ಒಂಬತ್ತಕ್ಕೆ ಇಳಿಯಿತು.
ಚಾಚಾ ಮೀಟರನ್ನು ಮೊಮ್ಮಗುವಿನ ಹಾಗೆ ಎತ್ತಿ ತೋರಿಸಿದರು.
ಎರಡು ಗಂಟೆ ಬಂತು,
ಹೋಯಿತು.
ಸಿದ್ದೀಕ ಅಸರ್ ಬಾಂಗಿನವರೆಗೂ ಗೊರಕೆ ಹೊಡೆದ.

ಹದಿನೇಳನೇ ದಿನ ನೋಡುತ್ತೇನೆ:
ಜಾಲರಿಯ ತುಂಬ ಬಿಳಿ.

ನಾನು ಸಾಣಿಕಟ್ಟಾದವ.
ಅವ್ವಿ ಉಪ್ಪಿನ ಆಗರದಲ್ಲಿ ದುಡಿದವಳು.
ಕಟ್ಟಿ ನಿಲ್ಲಿಸಿದ ನೀರನ್ನು ಬಿಸಿಲು ಕುಡಿದು
ತನಗೆ ಬೇಡದ್ದನ್ನು ಬಿಟ್ಟುಹೋಗುವುದನ್ನು
ಬದುವಿನ ಮೇಲೆ ಕೂತು, ಮಾತು ಬರುವ ಮೊದಲೇ ಕಂಡವ.
ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟೆ.
ಉಪ್ಪಲ್ಲ.
ಸುಣ್ಣ. ಬಾವಿ ನೀರಿನ ಸುಣ್ಣ,
ಎಲೆಯಿಲ್ಲ, ಅಡಿಕೆಯಿಲ್ಲ, ಬರಿಯ ಸುಣ್ಣ.
ಇಲ್ಲಿನ ಬಿಸಿಲಿಗೂ ಅದೇ ಬುದ್ಧಿ,
ಬೆಳೆ ಮಾತ್ರ ಬೇರೆ.

ಆಂಪು ಮತ್ತೆ ಹನ್ನೊಂದೂವರೆ. ಮೂರು ಮೂತಿ ಕಟ್ಟಿದ್ದವು.
ಹಳೇ ಹಲ್ಲಿನ ಬ್ರಷ್ಷು, ಮೀನಿನ ಉಪ್ಪಿನಕಾಯಿಗೆಂದು
ಕುಂಞಿರಾಮ ತಂದಿಟ್ಟ ವಿನೆಗರು, ಜೊತೆಗೆ ಅವನ ಬೈಗುಳ.
ಬಗ್ಗಿ ಉಜ್ಜುತ್ತಿದ್ದವನ ಬೆನ್ನಿಗೆ
ಟಪ್.
ಒಳಗಿನಿಂದ ಹೊರಬಿದ್ದ ಬೆರಳು ದಪ್ಪದ ಪೈಪು,
ಮೂರು ವರ್ಷದಿಂದ ಗೋಡೆಗೆ ಪಾಚಿಗೆರೆ ಎಳೆದ ತೊಟ್ಟು.

"ಅದರಲ್ಲಿ ಸುಣ್ಣವಿಲ್ಲ," ಅಂದರು ಚಾಚಾ.
"ನೀವು ಮೂವರು ಬಿಟ್ಟ ಉಸಿರು ಅದು.
ಹಗ್ಗಕ್ಕೆ ಹಾಕಿದ ಲುಂಗಿ, ಅನ್ನ ಬಸಿದ ಹಬೆ."

ಬಕೆಟ್ ಇಟ್ಟೆವು.
ಬೆಳಗಾಗುವಷ್ಟರಲ್ಲಿ ಅರ್ಧ.
ಗುಜರಿ ಕಾರಿನ ಗಾಜು ತೊಳೆಯುವ ಮೋಟಾರು,
ಯಾರೋ ಎಸೆದ ಬ್ಯಾಟರಿ.
ಎರಡರಿಂದ ಮೂರು, ಆ ಒಂದು ಗಂಟೆಗೆ ಸಾಲುತ್ತದೆ,
ಕೆಟ್ಟ ಗಂಟೆ ಅದೊಂದೇ.
ಸಿದ್ದೀಕ ಮಲಗಿ ಬಿಟ್ಟದ್ದು,
ನಾನು ಬಿಡ್ಡು ಸೋತು ನಿಟ್ಟುಸಿರಿಟ್ಟದ್ದು,
ಕುಂಞಿರಾಮ ಮಗಳ ಜೊತೆ ಫೋನಿನಲ್ಲಿ ನಕ್ಕದ್ದು
ಹಿತ್ತಲಲ್ಲಿ ಮಂಜಾಗಿ ಹಾರುತ್ತದೆ.
ಜಾಲರಿ ಈಗ ಸ್ವಚ್ಛ.

ಆಗಸ್ಟಿನಲ್ಲಿ ಕುಂಞಿರಾಮ ರಜೆಗೆ ಹೋದ.
ಮರುದಿನ ಬಕೆಟ್ಟಿನಲ್ಲಿ ನೀರು
ನಾಲ್ಕು ಬೆರಳು ಕಡಿಮೆ.
ಎರಡೂ ನಲವತ್ತಕ್ಕೆ ಹಿತ್ತಲಲ್ಲಿ ಕೆಮ್ಮು.
ಕಣ್ಣು ತೆರೆಯದೆಯೇ ಸಿದ್ದೀಕ ಕೇಳಿದ:
"ಅವ ಬರೂದು ಯಾವಾಗ?"