ಆರು ಕಂಬಗಳ ದೂರ

ನಮ್ಮ ಗೇಟಿನಿಂದ ಸೂಪಿಯ ಅಂಗಡಿಗೆ
ಆರು ಕರೆಂಟು ಕಂಬ.
ಎಣಿಸಿದ್ದು ನಾನಲ್ಲ, ಉತ್ತಯ್ಯ,
ಒಂದೊಂದನ್ನೂ ಅಂಗೈಯಲ್ಲಿ ಎರಡು ಸಲ ತಟ್ಟಿ.
ನಾಲ್ಕನೆಯದು ಹೋದ ಮಳೆಗಾಲದಲ್ಲಿ ವಾಲಿದೆ.
ಅದಕ್ಕೆ ಮಾತ್ರ ಮೂರು ಸಲ.

ಅವನು ಹುಟ್ಟಿದ ದಿನ ನನ್ನ ಅಣ್ಣ ಅಂಗಳದಲ್ಲಿ ನಿಂತು
ಆಕಾಶಕ್ಕೊಂದು ಗುಂಡು ಹಾರಿಸಿದ್ದ,
ಗಂಡು ಹುಟ್ಟಿದರೆ ನಮ್ಮಲ್ಲಿ ಹಾಗೆ.
ನಾಲ್ಕು ವರ್ಷಕ್ಕೆ, ಪುತ್ತರಿಯ ರಾತ್ರಿ,
ಅದೇ ಸದ್ದಿಗೆ ಮಂಚದಡಿ ಸೇರಿದವನು
ಬೆಳಗಾದರೂ ಹೊರಗೆ ಬರಲಿಲ್ಲ.
ಅಂದಿನಿಂದ ನಮ್ಮ ಮನೆಗೆ ಕದಿರು
ಸದ್ದಿಲ್ಲದೆ ಬರುತ್ತದೆ.
ಅಣ್ಣ ಕೋವಿಗೆ ಎಣ್ಣೆ ಹಚ್ಚಿ
ಮತ್ತೆ ಗೋಡೆಗೇ ಒರಗಿಸುತ್ತಾನೆ.
ಏನೂ ಹೇಳುವುದಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದರೆ
ನಾಪೋಕ್ಲಿಗೆ ನಾಪೋಕ್ಲೇ ಮೂಗರಳಿಸುತ್ತದೆ.
ಇವನು ಕಿಟಕಿಗಳನ್ನೆಲ್ಲ ಹಾಕಿ
ವಿಕ್ಸ್ ಡಬ್ಬಿ ಮೂಗಿಗೆ ಹಿಡಿದು ಕೂರುತ್ತಾನೆ
ಒಂಬತ್ತು ದಿನ.

ಮೈಸೂರಿನ ಮೇಡಂ ಹೇಳಿದ್ದರು:
ಮನೆಯಲ್ಲಿ ಒಂದೇ ಭಾಷೆ ಆಡಿ, ಎರಡಾದರೆ ಗೊಂದಲ.
(ಈಗಿನವರು ಹಾಗೆ ಹೇಳುವುದಿಲ್ಲವಂತೆ.)
ಶಾಲೆ ಕನ್ನಡದ್ದು, ಹಾಗಾಗಿ ಕನ್ನಡ.
ಅವ್ವನಿಗೂ ಹೇಳಿದೆವು.
ಎಪ್ಪತ್ತು ವರ್ಷ ಕೊಡವ ತಕ್ಕ್ ಆಡಿದವಳು
ಮೊಮ್ಮಗನ ಹತ್ತಿರ ಬರುವಾಗ
ಚಪ್ಪಲಿ ಬಿಡುವ ಹಾಗೆ
ತನ್ನ ಮಾತನ್ನು ಹೊಸ್ತಿಲಾಚೆ ಬಿಟ್ಟು ಬಂದಳು.
ಊಟ ಮಾಡು. ನೀರು ಕುಡಿ. ಒಳ್ಳೆ ಹುಡುಗ.
ಪಾಠ ಒಪ್ಪಿಸುವವಳ ದನಿ.
ಮನಸಾರೆ ಮಾತಾಡಲು ಅವಳಿಗೆ ಉಳಿದದ್ದು
ನಾಯಿ ಒಂದೇ.

ಎಂಟಕ್ಕೆ ಅಂಗಿಯ ಗುಂಡಿ ಹಾಕಿಕೊಂಡ.
ಒಂಬತ್ತೂವರೆಗೆ ಬಚ್ಚಲಿನ ಚಿಲಕ.
ಅವತ್ತು ನಾನೂ ದೇಚಮ್ಮನೂ ಬಾಗಿಲಿಗೆ ಕಿವಿಯಿಟ್ಟು
ಒಂದೊಂದು ಚೊಂಬು ನೀರನ್ನೂ ಕೇಳಿಸಿಕೊಂಡೆವು,
ಹದಿನಾಲ್ಕು ಚೊಂಬು.
ಅವಳು ಅತ್ತಳು. ನಾನು ಕೆಮ್ಮಿದೆ.

ಅಂಗಡಿಗೆ ಮೊದಮೊದಲು ಕೈ ಹಿಡಿದು ಹೋದೆ.
ಆಮೇಲೆ ತೋಳಿಗೆ ತೋಳು ತಾಗದಷ್ಟು ದೂರ.
ಆಮೇಲೆ ಒಂದು ಕಂಬ ಹಿಂದೆ.
ಎರಡು ಕಂಬ ಹಿಂದೆ.
ಎರಡರಲ್ಲೇ ಒಂದಿಡೀ ವರ್ಷ ಕಳೆಯಿತು.
ಮುಂದುವರಿಯದೆ ನಿಂತವನು ನಾನು, ಅವನಲ್ಲ.
ಇದು ಹೊಳೆದದ್ದು ನಿನ್ನೆ.

ನಿನ್ನೆ ಮೂರನೆಯ ಕಂಬದ ಬಳಿ
ಅವನು ತಟ್ಟದೆ ನಿಂತ.
ಸಿಲ್ವರ್ ಓಕಿನ ಮರೆಯಲ್ಲಿ ನಾನು,
ನನ್ನ ಹೊಟ್ಟೆ ಮರದ ಎರಡೂ ಬದಿಗೆ ಕಾಣುವಂತೆ.
ತಿರುಗಿದ.
ನನ್ನನ್ನಲ್ಲ, ನನ್ನ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತ
ಹೇಳಿದ:
ಅಪ್ಪ, ಮನೆಕ್ ಪೋ.

ಅವ್ವನ ಮಾತು.
ದಿನಾ ಬೆಳಿಗ್ಗೆ ಡೈರಿಗೆ ಹಾಲು ಒಯ್ಯುವಾಗ
ಬೆನ್ನು ಬಿಡದ ನಾಯಿಗೆ
ಗೇಟಿನಲ್ಲಿ ನಿಂತು ಅವಳು ಹೇಳುವ ಮಾತು.
ಅದೇ ಏರಿಳಿತ. ಕೊನೆಗೆ
ನಾಲಗೆಯಲ್ಲಿ ಅದೇ ಒಂದು ಲೊಚ್ಚು.
ಏಳು ವರ್ಷ ನಾವು ಬಚ್ಚಿಟ್ಟದ್ದನ್ನು
ಇವನು ಕಂಬ ಎಣಿಸಿದ ಹಾಗೆ
ಒಳಗೊಳಗೇ ಎಣಿಸಿಟ್ಟುಕೊಂಡಿದ್ದ.

ಹೋದೆ.
ನಾಯಿಯ ಹಾಗೇ
ಎರಡು ಸಲ ಹಿಂದೆ ನೋಡುತ್ತ.

ಸೂಪಿ ಫೋನು ಮಾಡಿದ: ಬಂದಿದ್ದಾನೆ, ಒಬ್ಬನೇ,
ಮೊಟ್ಟೆ ಕೊಡಲಾ?
ಅವನನ್ನೇ ಕೇಳು, ಎಂದೆ.
ಹಾಗೆಂದದ್ದು ಅದೇ ಮೊದಲು.

ಕೈಚೀಲದಲ್ಲಿ ಐದು ಮೊಟ್ಟೆ ಬಂತು.
ಆರನೆಯದು ಅಂಗಿಯ ಜೇಬಿನಲ್ಲಿ ಒಡೆದು
ಹಳದಿ ಸೋರಿ ಚಡ್ಡಿಯವರೆಗೆ.
ಬಟ್ಟೆಗೆ ಹನಿ ನೀರು ತಾಗಿದರೂ ಕಿರುಚುವ ಹುಡುಗ.
ನಾವು ಮೂವರೂ ಉಸಿರು ಹಿಡಿದೆವು.
ಅವನು ನಲ್ಲಿಯ ಬಳಿ ನಿಂತು
ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ,
ಒಂದೊಂದೇ ಗುಂಡಿ ಬಿಚ್ಚಿದ.

ಜಗಲಿಯಿಂದ ಅವ್ವ 'ಬಾ' ಎಂದಳು.
ಆ ಮಾತು ಎರಡು ಭಾಷೆಯಲ್ಲೂ ಒಂದೇ.
ಯಾವುದರಲ್ಲಿ ಕರೆದಳೋ,
ನಾನು ಕೇಳಲಿಲ್ಲ.