ಹದಿಮೂರು ಸುತ್ತು

ಭೋಸರಿಯ ಫ್ಲೈಓವರ್ ಕೆಳಗ ನನ್ನ ಅಂಗಡಿ.
ಮ್ಯಾಲೆ ಟ್ರಕ್ಕು ಹಾಯ್ದಾಗೊಮ್ಮೆ
ಡಬ್ಬಿಯೊಳಗಿನ ವಾಷರು ಮಾತಾಡತಾವು.
ಪಂಪು, ಮಿಕ್ಸರು, ಕಾರ್ಯಾಲಯದ ಫ್ಯಾನು,
ಸುಟ್ಟದ್ದೆಲ್ಲ ಬರೂದು ಇಲ್ಲಿಗೇ.
ಬಿಚ್ಚತೀನಿ, ಎಣಸತೀನಿ, ತಿರಗಿ ಸುತ್ತತೀನಿ.
ಇಪ್ಪತ್ತೆರಡು ವರ್ಷ ಆತು.

ಢಮಢೆರೆ ತಂದದ್ದು ಮಾತ್ರ ಲಿಂಬಿಕಾಯಿಯಷ್ಟು.
ಸಿಟಿ ಬಸ್ಸಿನ ಡ್ರೈವರ, ಖಾಕಿ ಇನ್ನೂ ಮೈಮ್ಯಾಲೆ,
ಕಿಸೆದಿಂದ ಕರವಸ್ತ್ರ, ಕರವಸ್ತ್ರದಿಂದ ಮೋಟರು.
"ವಿಮಾನದ್ದು" ಅಂದ.
ನಕ್ಕೆ. ಅವ ನಗಲಿಲ್ಲ.

ಮೂಸಿ ನೋಡಿದೆ.
ಸುಟ್ಟ ವಾರ್ನಿಶು ಸುಳ್ಳು ಹೇಳಂಗಿಲ್ಲ:
ಇದು ಹೊರಲಾರದ್ದನ್ನ ಹೊತ್ತು ಸತ್ತದ.
"ಎಂಥಾ ಪಂಖ ಹಾಕಿದ್ರಿ?"

ಕಟ್ಟಿಗೀದು. ಹತ್ತು ಇಂಚು ಉದ್ದ, ಐದರ ಪಿಚ್ಚು,
ಸಾಗವಾನಿಯ ಎಳಿ ತುದಿತನಕ ಎಲ್ಲೂ ಕಡದಿಲ್ಲ.
"ಮಗಳು ಕೆತ್ತಿದ್ದು, ಶರ್ವರಿ, ಹನ್ನೊಂದನೇ ಈಯತ್ತೆ.
ಮೂರು ಒಡದು ಇದು ನಾಕನೇದು."
ಸೂಜಿ ಮ್ಯಾಲೆ ಇಟ್ಟೆ.
ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ.
ಟ್ರಕ್ಕು ಹಾಯ್ದಾಗ ಒಮ್ಮೆ ನಡುಗಿ
ಮತ್ತ ಸುಮ್ಮನಾತು.

ಬಯಲಿನಾಗ ಹಾರಿಸೋ ಮಂದಿ ಅಂದಿದ್ರಂತ:
ಇದು ಹುಚ್ಚು ಕುದುರಿ ಮೋಟರು,
ಒಂದು ವೋಲ್ಟಿಗೆ ಸಾವಿರದ ನಾನೂರು ಸಲ ತಿರಗತದ,
ಎಂಟಿಂಚಿನ ಪ್ಲಾಸ್ಟಿಕ್ ಪಂಖ ಹಾಕು, ಅಗ್ಗ.
ತಪ್ಪಲ್ಲ ಅವರ ಮಾತು.
ಎತ್ತು ಏರಿಗೆಳದ್ರ ಕೋಣ ನೀರಿಗೆಳೀತದ,
ಜೋಡಿ ಕೂಡಲಿಲ್ಲಂದ್ರ ನೊಗ ಸುಡತದ.
ಆದ್ರ ಮಗಳಿಗೆ ಅವ ಇನ್ನೂ ಹೇಳಿದ್ದಿಲ್ಲ.
ಕರವಸ್ತ್ರ ಮಡಚಿದ, ಬಿಚ್ಚಿದ, ಮಡಚಿದ.

"ಪಂಖ ಬ್ಯಾಡ" ಅಂದೆ. "ಮೋಟರು ಬದಲಸೂಣು."

ಹನ್ನೆರಡು ಹಲ್ಲು. ಒಂದೊಂದಕ್ಕೂ ಒಂಬತ್ತು ಸುತ್ತು ಇತ್ತು,
ದಪ್ಪ ತಂತಿ, ಅವಸರದ ತಂತಿ.
ನಾ ಸಣ್ಣದು ತಗೊಂಡೆ. ಹದಿಮೂರು ಸುತ್ತಿದೆ.
ಸುತ್ತು ಹೆಚ್ಚಾದಂಗ ಓಟ ಕಡಿಮಿ, ಹಟ ಹೆಚ್ಚು.
ಏಳನೇ ಹಲ್ಲಿನಾಗ ಬಣ್ಣ ಕೆರೀತು,
ಬಿಚ್ಚಿದೆ, ಬೈದೆ, ಮತ್ತ ಶುರು.
ಹನ್ನೊಂದಕ್ಕ ಶಟರ್ ಇಳಿಸಿದಾಗ
ಬೆರಳಿನಾಗ ಇನ್ನೂ ಎಣಿಕಿ ನಡದಿತ್ತು.

ರವಿವಾರ ನಾನೂ ಹೋದೆ. ಆಳಂದಿ ರಸ್ತೆಯಾಚೆ
ಉಳ್ಳಾಗಡ್ಡಿ ಕಿತ್ತ ಹೊಲ, ಕಾಲಿಗೆ ಹತ್ತೂ ಒಣ ಸಿಪ್ಪಿ.
ಮೀಟರು ನೋಡಿದ್ರು: ಮೊದಲ ಇಪ್ಪತ್ತೇಳು ಆಂಪಿಯರ್,
ಈಗ ಹನ್ನೊಂದು.
ಮೊದಲ ಅದು ಕಿವ್ಯಾಗಿನ ಸೊಳ್ಳಿಯಂಗ ಚೀರತಿತ್ತಂತ.
ಈಗಿಂದು ಬ್ಯಾರೆ ದನಿ,
ಜೋಳ ಬೀಸೂವಾಗ ಕಲ್ಲಿನ ಹೊಟ್ಟಿಯೊಳಗಿಂದ ಬರತಿತ್ತಲ್ಲ, ಅಂಥದು.

ಏರಿತು. ಅವಸರ ಇಲ್ಲದ ಏರಿತು.
ಆರು ನಿಮಿಷಕ್ಕ ಇಳೀತಿದ್ದದ್ದು
ಹತ್ತಾದ್ರೂ ಇಳೀಲಿಲ್ಲ, ಹದಿನೈದಾದ್ರೂ ಇಳೀಲಿಲ್ಲ.
ಢಮಢೆರೆ ಗಡಿಯಾರ ನೋಡೂದು ಬಿಟ್ಟು
ಉಳ್ಳಾಗಡ್ಡಿ ಸಿಪ್ಪಿ ಚೂರು ಮಾಡಕೋತ ಕುಂತ.

ಹದಿನೆಂಟಕ್ಕ ಆಕಿ ಮೋಟರು ಬಂದ್ ಮಾಡಿ
ಬರೀ ಗಾಳಿ ಮ್ಯಾಲೆ ಇಳಿಸಿದಳು.
ಓಡಿ ಹೋಗಿ ಮುಟ್ಟಿದೆ: ಆಗಷ್ಟೇ ಇಟ್ಟ ತತ್ತಿಯಷ್ಟು ಬೆಚ್ಚಗ.
ಆಕಿ ಪಂಖ ಸವರಿದಳು, ಮೋಟರಿನ ಕಿಂಡಿಯಾಗ ಇಣುಕಿದಳು,
ಹೊಸ ತಾಮ್ರದ ಬಣ್ಣ ಕಂಡಳು.
"ಸುಟ್ಟದ್ದು ಗೊತ್ತಿತ್ತು ನನಗ" ಅಂದಳು ಮರಾಠಿಯಾಗ,
"ಪಪ್ಪಾನ ಕಿಸೆ ವಾಸನಿ ಬರತಿತ್ತು."
ಅವ ದೂರ ನೋಡಿದ.

"ಎಷ್ಟು ಸುತ್ತು?"
"ಹದಿಮೂರು."
ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಮುಂದಿಂದು ಹನ್ನೊಂದು ಇಂಚು ಕೆತ್ತಿದ್ರ?"

ಉತ್ತರ ಕೊಡಲಿಲ್ಲ ನಾ.
ಹೆಬ್ಬಟ್ಟು ಆಗಲೇ ಬೆರಳಿನ ಗೆರಿ ಮ್ಯಾಲೆ
ನಡೀಲಿಕ್ಕೆ ಹತ್ತಿತ್ತು, ಹದಿನಾಲ್ಕು, ಹದಿನೈದು...