ಕಾಲು ಪುಟ, ಕಪ್ಪು ಬಿಳುಪು

ನಿಯಮ ಇಷ್ಟೇ:
ಹಾಡುವವರ ಮುಖ ಎಡಕ್ಕೆ, ಮೇಲೆ,
ಕಣ್ಣು ಮಾತ್ರ ಪುಟದ ಒಳಕ್ಕೆ.
ಹೊರಗೆ ನೋಡುವ ಮುಖ ಓದುಗನನ್ನೂ
ಕೈಹಿಡಿದು ಕರೆದೊಯ್ಯುತ್ತದೆ
ಎದುರು ಪುಟದ ಮೂಲವ್ಯಾಧಿ ಮುಲಾಮಿಗೆ,
ಎನ್ನುತ್ತಿದ್ದರು ಪೆಡ್ನೇಕರರು,
ಹುಬ್ಬಳ್ಳಿಯಲ್ಲಿ ಆರು ತಿಂಗಳು ಕಲಿತು ಬಂದ ಗತ್ತಿನಲ್ಲಿ.

ಹೆಸರು ಕಮಾನಿನಂತೆ ಬಾಗಬೇಕು.
ಭಕ್ತಿಗೀತೆಯಾದರೆ ತಲೆಕಟ್ಟಿಗೆ ದೀಪದ ಕುಡಿ,
ಪ್ರೇಮಗೀತೆಯಾದರೆ ಒತ್ತಕ್ಷರದ ಬಾಲ ಉದ್ದ,
ಜಾನಪದವಾದರೆ ಸೀಳಿದ ಬಿದಿರು.
ನೀಲಾವತಿ ತಳೇಕರ ಹಾಡಿದ ಹತ್ತು ಹಾಡಿನಲ್ಲಿ
ಬಿದಿರೇ ಇರಲಿಲ್ಲ.
ಬಲೆ ಇತ್ತು, ಬಂಗುಡೆ ಇತ್ತು, ಬರದ ಭಾವ ಇದ್ದ.
ಆದರೂ ಬಿದಿರು ಸೀಳಿದೆ.
ಮೂಲೆಗೆ ಸಿಡಿದ ನಕ್ಷತ್ರ, ಹದಿನಾರು ಮೊನೆ,
ಒಳಗೆ ಬೆಲೆ, ಹದಿನೆಂಟು ರೂಪಾಯಿ.
ಕೋಡಿಬಾಗದ ಪ್ರೆಸ್ಸಿನ ಮಾಳಿಗೆಯಲ್ಲಿ
ಮೊನೆ ಕೊರೆದು ಅಂಟಿಸಿದರೆ
ಉಪ್ಪುಗಾಳಿಗೆ ಗೋಂದು ಸಂಜೆಯಾದರೂ ಒಣಗದು,
ನಕ್ಷತ್ರ ತುಸು ಜಾರಿರುತ್ತಿತ್ತು.

ಅವಳು ತಂದದ್ದು ಒಂದೇ ಫೋಟೋ,
ಕಾಳಿ ಸೇತುವೆಯ ಮೇಲೆ ಯಾರೋ ತೆಗೆದದ್ದು,
ಕಡಲ ಕಡೆ ನೋಡುತ್ತ.
ನೋಟ ಎಡಕ್ಕೆ,
ಅಂದರೆ ಹೊರಕ್ಕೆ,
ಅಂದರೆ ಮುಲಾಮಿಗೆ.
ಬಲಕ್ಕಿಡೋಣವೆಂದರೆ ಅಲ್ಲಿ ಕ್ಯಾಸೆಟ್ಟಿನ ಚಿತ್ರ,
ಅದು ಓರೆಯಾಗಿಯೇ ನಿಲ್ಲಬೇಕು, ಅದೂ ನಿಯಮ.

ನೆಗೆಟಿವ್ ತಿರುವಿ ಹಾಕಿದೆ.
ಕಾರವಾರದ ಕಡಲು ಮೂಡಣಕ್ಕೆ ಹೋಯಿತು,
ಎಡಹೊಳ್ಳೆಯ ಮೂಗುತಿ ಬಲಕ್ಕೆ,
ಗಲ್ಲದ ಮಚ್ಚೆಯೂ ಅದರ ಬೆನ್ನಿಗೆ.

ಯಾರಿಗೂ ಗೊತ್ತಾಗಲಿಲ್ಲ, ಮಾಜಾಳಿಗೆ ಬಿಟ್ಟು.
ಮೀನುಪೇಟೆಯಲ್ಲಿ ಕೈಯಿಂದ ಕೈಗೆ ಹೋಗಿ
ವಾರಪತ್ರಿಕೆ ಶೆಟ್ಲಿ ನಾರುತ್ತಿತ್ತಂತೆ.
ಇವಳು ನನ್ನ ಮಗಳಲ್ಲ ಎಂದಳಂತೆ ತಾಯಿ,
ಯಾರದೋ ತಲೆ ಅಂಟಿಸಿದ್ದಾರೆ ಎಂದಳಂತೆ ಅತ್ತಿಗೆ.

ಗುರುವಾರ ಅವಳೇ ಮೆಟ್ಟಿಲು ಹತ್ತಿ ಬಂದಳು.
ಬೈಗುಳಕ್ಕೆ ತಯಾರಾಗಿ ಬ್ಲೇಡು ಕೆಳಗಿಟ್ಟೆ.
ಪುಟ ಬಿಡಿಸಿ, ನೆರಿಗೆ ಒತ್ತಿ,
"ನನ್ನ ಹಾಗೆ ಕಾಣೋ ಪಟ ಇದೊಂದೇ ಮಾರಾಯ್ರೇ,
ಕನ್ನಡಿಯಲ್ಲಿ ದಿನಾ ಇವಳನ್ನೇ ನೋಡ್ತೇನೆ."
ಇನ್ನೆರಡು ಪ್ರತಿ ಕೇಳಿದಳು. ಕೊಟ್ಟೆ.

ಇಳಿಯುವಾಗ ನಡುಮೆಟ್ಟಿಲಲ್ಲಿ ನಿಂತು,
"ಬುದ್ದು ಗೌಡ್ರ ಹೆಸರು ಎಲ್ಲಿ?"

ಇತ್ತು.
ಗುಮಟೆ: ಬೆಳಂಬಾರದ ಬುದ್ದು ಗೌಡ,
ಆರು ಪಾಯಿಂಟಿನಲ್ಲಿ, ಇರುವೆಸಾಲಿನಂತೆ.
ಭಟ್ಕಳದ ವಿತರಕರ ಫೋನ್ ನಂಬರು ತಡವಾಗಿ ಬಂತು,
ಒಂದು ಸಾಲಿನ ಜಾಗ ಬೇಕಾಯಿತು.
ಮೊದಲು ಹೋಗುವುದು ಬಾರಿಸುವವನ ಹೆಸರು.
ಇದನ್ನು ನಿಯಮವೆಂದು ಯಾರೂ ಹೇಳಿಕೊಟ್ಟಿರಲಿಲ್ಲ,
ಕೈಗೇ ಗೊತ್ತಿತ್ತು.

ಅವಳಿಗೆ ಏನೋ ಅಂದೆ.
ಏನಂದೆ ಈಗ ನೆನಪಿಲ್ಲ.

ತಳದಲ್ಲಿ ಚುಕ್ಕೆಗೆರೆ, ಪುಟ್ಟ ಕತ್ತರಿಯ ಚಿತ್ರ,
ಹೆಸರು, ವಿಳಾಸ, ಎಷ್ಟು ಪ್ರತಿ.
ಬಂದದ್ದು ಒಟ್ಟು ಹನ್ನೊಂದು ಕೂಪನ್ನು.
ಒಂಬತ್ತನೆಯದು ಕತ್ತರಿಸಿದ್ದಲ್ಲ,
ಮಡಿಸಿ, ಎಂಜಲು ಸವರಿ, ಹರಿದದ್ದು.
ಗೆರೆ ಮೀರಿ, ಶಾಲೆಯ ಹುಡುಗನ ಕೈಯಲ್ಲಿ ಬರೆಸಿದ
ಬೆರಳುದ್ದದ ಅಕ್ಷರ:
ಬುದ್ದು ಗೌಡ, ಬೆಳಂಬಾರ. ಒಂದು ಪ್ರತಿ.
ಅಂಚೆ ವೆಚ್ಚ ಸೇರಿ ಇಪ್ಪತ್ತೆರಡು ರೂಪಾಯಿ
ಮನಿಆರ್ಡರಿನಲ್ಲಿ ಬಂದಿತ್ತು,
ಪೆಡ್ನೇಕರರು ಎಣಿಸಿಕೊಂಡರು.

ಪೊಟ್ಟಣದ ಮೇಲೆ ವಿಳಾಸ ನಾನು ಬರೆದೆ.
ದಪ್ಪ ಕುಂಚ, ಕಪ್ಪು ಶಾಯಿ,
ಹೆಸರು ಕಮಾನಿನಂತೆ ಬಾಗಿ,
ಸುತ್ತ ಹದಿನಾರು ಮೊನೆ.

ಅಂಚೆಯವ ಮರುದಿನವೇ ಮರಳಿ ತಂದ.
ಇದು ಜಾಹೀರಾತೋ ವಿಳಾಸವೋ,
ನೆಟ್ಟಗೆ ಬರೆಯಿರಿ ಎಂದ.

ನೆಟ್ಟಗೆ ಬರೆದೆ.